ಹುಣಸೆಹಣ್ಣಿನಲ್ಲಿ ತೊಳೆದ ಬಟ್ಟುಗಳು

ಹೈಸ್ಕೂಲಿನಲ್ಲಿ ಐಚ್ಛಿಕ ವಿಷಯವಾಗಿ ಭೌತಶಾಸ್ತ್ರ ತೆಗೆದುಕೊಳ್ಳುತ್ತೇನೆ ಎಂದಾಗ, ಚನ್ನಗಿರಿಯ ನಮ್ಮ ಬೀದಿಯಲ್ಲಿ ಅದನ್ನು ಓದಿ ಮುಗಿಸಿದ್ದ ಒಬ್ಬಳೇ ಒಬ್ಬಳು ಅಕ್ಕ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಮುಂದೆ ಏನೇನು ಕಾದಿದೆ ಎಂದು ಹೇಳಿದಳು. ಲೋಲಕ ಬರುತ್ತದೆ, ಅದರ ಓಲಾಟ ಎಣಿಸಿ ಎಣಿಸಿ ತಲೆ ತಿರುಗುತ್ತದೆ. ಮಸೂರ ಬರುತ್ತದೆ, ಮೇಣದಬತ್ತಿಯ ಬಿಂಬ ತಲೆಕೆಳಗಾಗಿ ಬೀಳುತ್ತದೆ, ಗಾಬರಿಯಾಗಬೇಡ. ಇವೆಲ್ಲ ಹೇಗೋ ಸಾಗುತ್ತವೆ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ವಿಷಯದಲ್ಲಿ ಮಾತ್ರ ಹುಷಾರಾಗಿರು. ಅದರ ಹಿತ್ತಾಳೆಯ ತೂಕದ ಬಟ್ಟುಗಳನ್ನು ಚಿಮಟದಲ್ಲೇ ಎತ್ತಿಡಬೇಕು. ಬೆರಳು ತಾಗಿಸಿದವರನ್ನು ಮೇಷ್ಟ್ರು ಕ್ಲಾಸಿನಿಂದಲೇ ತೆಗೆದು ಬೇರೆ ವಿಷಯಕ್ಕೆ ಕಳಿಸುತ್ತಾರೆ.

ಯಾಕೆ ಮುಟ್ಟಬಾರದು ಎಂದು ಅವಳಿಗೂ ಗೊತ್ತಿರಲಿಲ್ಲ. ಮಡಿಯ ವಿಷಯ ಇರಬೇಕು ಎಂದುಕೊಂಡೆ. ನಮ್ಮ ಮನೆಯಲ್ಲಿ ಮುಟ್ಟಬಾರದ ಸಾಮಾನುಗಳೆಲ್ಲ ಮಡಿಯವೇ ಆಗಿದ್ದವು, ನನ್ನ ತಲೆ ಬೇರೆ ಕಡೆ ಓಡಲಿಲ್ಲ.

ಅಪ್ಪ ಅಡಿಕೆ ಮಂಡಿಯಲ್ಲಿ ತೂಕ ಹಾಕುತ್ತಿದ್ದರು. ಹುಡುಗಿಗೆ ವಿಜ್ಞಾನ ಯಾಕೆ ಎಂದು ಮನೆಯಲ್ಲಿ ಮಾತು ಬಂದಾಗ ಅವರು ಅರ್ಧ ಮನಸ್ಸಿನಿಂದ ಒಪ್ಪಿದರು. ಶಾಲೆಯಿಂದ ಒಂದು ದೂರು ಬಂದರೂ ಅಲ್ಲಿಗೆ ಮುಗಿಯಿತು, ಹೊಲಿಗೆ ಕಲಿಯಲು ಹೋಗಬೇಕು ಎಂದು ಕರಾರು ಹಾಕಿದರು. ಹೊಲಿಗೆ ಎಂದರೆ ನನಗೆ ಆಗುತ್ತಿರಲಿಲ್ಲ. ಹಾಗಾಗಿ ಆ ವರ್ಷವೆಲ್ಲ ಕೈ ಬಿಗಿಹಿಡಿದುಕೊಂಡೇ ಓಡಾಡಿದೆ.

ಮೇಷ್ಟ್ರು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಅದೇ ದೊಡ್ಡ ಕಷ್ಟ. ಹೊಡೆಯುವವರಾದರೆ ಕೈ ಎತ್ತಿದಾಗಲಾದರೂ ಗೊತ್ತಾಗುತ್ತದೆ. ಇವರು ಮೆಲ್ಲಗೆ ಬಂದು ಹಿಂದೆ ನಿಂತು ನಮ್ಮ ಬೆರಳುಗಳನ್ನೇ ನೋಡುತ್ತಿದ್ದರು. ಚಿಮಟ ಹಿಡಿದಾಗ ನನ್ನ ಅಂಗೈ ಬೆವರುತ್ತಿತ್ತು.

ದಸರಾ ರಜೆಗೆ ಅವರು ಹೊನ್ನಾಳಿಯ ಕಡೆ ತಮ್ಮ ಊರಿಗೆ ಹೋದರು. ಆಯುಧಪೂಜೆಯ ದಿನ ಜವಾನ ಲ್ಯಾಬಿನ ಬಾಗಿಲು ತೆಗೆದು, ಸಾಮಾನುಗಳನ್ನು ಒರೆಸಿ ಹೂವಿಡಮ್ಮಾ ಎಂದು ಪೂಜೆಗೆ ಬಂದಿದ್ದ ನನಗೆ ಹೇಳಿ ಶಾಲೆಯ ಗಂಟೆಗೆ ಹಾರ ಹಾಕಲು ಹೋದ. ನಾನು ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಬಂದಿದ್ದೆ. ಮಡಿಯಲ್ಲಿದ್ದೇನೆ, ಇವತ್ತು ಮುಟ್ಟಬಹುದು ಎಂದು ಧೈರ್ಯ ಬಂತು. ಮಂಡಿಯಲ್ಲಿ ಮಾದರಿ ಅಡಿಕೆ ತೂಗುವ ಸಣ್ಣ ಹಿತ್ತಾಳೆ ಬಟ್ಟುಗಳನ್ನು ಅಪ್ಪ ಪ್ರತಿ ವರ್ಷ ಆ ದಿನ ಹುಣಸೆಹಣ್ಣು, ಒಲೆಯ ಬೂದಿ ಹಾಕಿ ತಿಕ್ಕಿ ತೊಳೆದು, ಒಂದೊಂದಕ್ಕೂ ಮೂರು ಗೆರೆ ವಿಭೂತಿ ಎಳೆಯುತ್ತಿದ್ದರು. ಮನೆಗೆ ಓಡಿ ಅವನ್ನೆಲ್ಲ ತಂದು ನಾನೂ ಹಾಗೆಯೇ ಮಾಡಿದೆ. ಎರಡೆರಡು ಸಲ ತಿಕ್ಕಿದೆ. ಬಟ್ಟುಗಳು ಬಂಗಾರದ ಹಾಗೆ ಹೊಳೆದವು. ಮೇಷ್ಟ್ರು ನೋಡಿ ಮೆಚ್ಚುತ್ತಾರೆ ಎಂದು ಕೂಡ ಅಂದುಕೊಂಡೆ, ದಡ್ಡಿ.

ರಜೆ ಮುಗಿದ ಮೊದಲ ಪ್ರಾಕ್ಟಿಕಲ್ಲಿನಲ್ಲಿ ಮೇಷ್ಟ್ರು ಐವತ್ತು ಗ್ರಾಮಿನ ಬಟ್ಟನ್ನು ಒಂದು ತಟ್ಟೆಯಲ್ಲಿಟ್ಟರು. ಇಪ್ಪತ್ತರ ಎರಡು, ಹತ್ತರ ಒಂದನ್ನು ಇನ್ನೊಂದರಲ್ಲಿಟ್ಟರು. ಮುಳ್ಳು ನಡುವೆ ನಿಲ್ಲದೆ ಒಂದು ಕಡೆಗೆ ವಾಲಿತು. ಒಂದು ಬಟ್ಟನ್ನು ಚಿಮಟದಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಕೊರೆದ ಅಂಕಿಯೊಳಗೆ ವಿಭೂತಿ ಬೆಳ್ಳಗೆ ಕೂತಿತ್ತು. ಇದನ್ನು ತೊಳೆದವರು ಯಾರು ಎಂದು ಅವರು ಮೆಲ್ಲಗೆ ಕೇಳಿದರು. ನಾನು ಹೇಳಲಿಲ್ಲ.

ಮೂರು ದಿನ ಹೇಳಲಿಲ್ಲ. ಜವಾನ ನನ್ನನ್ನು ನೋಡುತ್ತಿದ್ದ, ಹೆಸರು ಮಾತ್ರ ಹೇಳಲಿಲ್ಲ. ನಾಲ್ಕನೆಯ ದಿನ, ಬಾಗಿಲು ತೆಗೆದವನು ಅವನೇ ಆದ್ದರಿಂದ ಮೇಷ್ಟ್ರು ಅವನ ಮೇಲೆ ಹೆಡ್‌ಮಾಸ್ತರರಿಗೆ ಬರೆದುಕೊಡುತ್ತಾರಂತೆ ಎಂಬ ಸುದ್ದಿ ಬಂತು. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಾನು ಹೋಗಿ ಒಪ್ಪಿಕೊಂಡೆ. ಮೇಷ್ಟ್ರು ಬೈಯಲಿಲ್ಲ. ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎಂದರು, ಅಷ್ಟೇ. ಅಲ್ಲಿಗೆ ನನ್ನ ಭೌತಶಾಸ್ತ್ರ ಮುಗಿಯಿತು ಎಂದುಕೊಂಡು ಮನೆಯ ದಾರಿಯುದ್ದಕ್ಕೂ ಅತ್ತೆ.

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಮೇಷ್ಟ್ರು ಏನೂ ವಿವರಿಸದೆ ಅವೇ ನಾಲ್ಕು ಬಟ್ಟುಗಳನ್ನು ತಟ್ಟೆಗಳಲ್ಲಿಟ್ಟು ತೋರಿಸಿದರು. ಮುಳ್ಳು ನೋಡುವುದೇ ಅಪ್ಪನ ಕಸುಬು. ಅದು ವಾಲಿದ್ದನ್ನು ಬಗ್ಗಿ ನೋಡಿದರು. ಹುಳಿ ತಾಗಿದರೆ, ಬೂದಿಯಲ್ಲಿ ತಿಕ್ಕಿದರೆ ಹಿತ್ತಾಳೆ ಒಂದಿಷ್ಟು ಸವೆಯುತ್ತದೆ, ಬೆರಳಿನ ಬೆವರು ತಾಗಿದರೂ ತೂಕ ಕೆಡುತ್ತದೆ, ಚಿಮಟ ಇರುವುದು ಅದಕ್ಕೇ ಎಂದು ಮೇಷ್ಟ್ರು ಹೇಳಿದರು. ಕಾರಣವನ್ನು ನಾನು ಕೇಳಿದ್ದು ಅದೇ ಮೊದಲು.

"ತಪ್ಪು ಅವಳದಲ್ಲ ಸಾರ್," ಎಂದರು ಅಪ್ಪ. "ನನ್ನ ನೋಡಿ ಕಲ್ತಾಳೆ. ಇಪ್ಪತ್ತು ವರ್ಷದಿಂದ ನಾನು ಹಿಂಗೇ ತೊಳ್ಕಂತ ಬಂದೀನಿ."

"ಮುಟ್ಟಬ್ಯಾಡ ಅಂದೋನು ನಾನು, ಯಾಕೆ ಅಂತಾನೂ ಹೇಳಬೇಕಿತ್ತು ಬಿಡ್ರಿ," ಎಂದರು ಮೇಷ್ಟ್ರು.

ನನ್ನನ್ನು ಹೊರಗೆ ಕಳಿಸಲಿಲ್ಲ. ಬೇರೆ ಶಾಲೆಯಿಂದ ಒಂದು ಒಳ್ಳೆಯ ಬಟ್ಟಿನ ಪೆಟ್ಟಿಗೆ ತರಿಸಿ, ನಾನು ಸವೆಸಿದ ಒಂದೊಂದು ಬಟ್ಟೂ ಎಷ್ಟು ಕಡಿಮೆ ಇದೆ ಎಂದು ನನ್ನಿಂದಲೇ ತೂಗಿಸಿದರು. ಆ ಲೆಕ್ಕವನ್ನು ಚೀಟಿಯಲ್ಲಿ ಬರೆದು ನಮ್ಮ ಬಟ್ಟಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಮುಂದೆ ಎಲ್ಲರೂ ಅದನ್ನು ನೋಡಿಕೊಂಡು ತಮ್ಮ ತೂಕ ತಿದ್ದಿಕೊಳ್ಳುತ್ತಿದ್ದರು. ಮನೆಯಲ್ಲಿ ಹೊಲಿಗೆಯ ಮಾತು ಮತ್ತೆ ಬರಲಿಲ್ಲ.

ಮರುವರ್ಷ ಆಯುಧಪೂಜೆಗೆ ಅಪ್ಪನ ಜೊತೆ ಮಂಡಿಗೆ ಹೋಗಿದ್ದೆ. ಅವ್ವ ಕೊಟ್ಟಿದ್ದ ಹುಣಸೆಹಣ್ಣಿನ ಬಟ್ಟಲನ್ನು ಅವರು ಪಕ್ಕಕ್ಕಿಟ್ಟರು. ಬಟ್ಟುಗಳನ್ನು ಒಣಬಟ್ಟೆಯಲ್ಲಿ ಮೆತ್ತಗೆ ಒರೆಸಿ ಸಾಲಾಗಿ ಜೋಡಿಸಿದರು. ಆಮೇಲೆ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಮೊದಲ ಬಟ್ಟಿನ ಕಡೆ ಕೈ ಚಾಚಿದರು. ಕೈ ನಡುವೆಯೇ ನಿಂತಿತು. ನನ್ನ ಕಡೆ ತಿರುಗಿ, ಹಚ್ಚಬಹುದೇನವ್ವಾ ಎಂದು ಕೇಳಿದರು.

ಮೇಷ್ಟ್ರ ಮುಂದೆ ಕೂಡ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ. ಹೂಂ ಎನ್ನಬೇಕಿತ್ತು. ನನ್ನ ಕಣ್ಣು ಮಾತ್ರ ಬಟ್ಟಿನ ಮೇಲೆ ಕೊರೆದ ಅಂಕಿಗೆ ಹೋಯಿತು. ಅಪ್ಪ ಆ ವಿಭೂತಿಯನ್ನು ತಮ್ಮ ಹಣೆಗೇ ಎಳೆದುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ದೂರದಿಂದ ಕೈ ಮುಗಿದರು.