ಹೆಚ್ಚಾದ ರೊಟ್ಟಿ

ನಮ್ಮ ಮನೆಯಲ್ಲಿ ಅಕ್ಕಿ ಒಮ್ಮೆಯೂ ಮುಗಿದದ್ದಿಲ್ಲ. ಬೇಳೆ ಮುಗಿದಿಲ್ಲ, ಎಣ್ಣೆ ಮುಗಿದಿಲ್ಲ, ಉಪ್ಪು ಮುಗಿದಿಲ್ಲ. ಇದು ಸಿರಿವಂತಿಕೆಯ ಮಾತಲ್ಲ. ತಿಂಗಳ ಕೊನೆಗೆ ನಮ್ಮ ಡಬ್ಬಿಯ ತಳ ಕೆರೆಯುವ ಸದ್ದು ಬೈಲಹೊಂಗಲದ ಅರ್ಧ ಓಣಿಗೆ ಕೇಳಿಸುತ್ತಿತ್ತು. ಆದರೆ 'ಮುಗೀತು' ಎಂಬ ಮಾತನ್ನು ಆಯಿ, ಅಂದರೆ ನನ್ನ ತಾಯಿಯ ತಾಯಿ, ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಡಬ್ಬಿ ಬರಿದಾದರೆ ಅವಳ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಅಕ್ಕಿ ಹೆಚ್ಚಾಗ್ಯಾವ, ಅಂಗಡಿಗೆ ಹೋಗಿ ಬಾ ಯವ್ವಾ." ದೀಪವನ್ನು ಆರಿಸುವಂತಿಲ್ಲ, ದೊಡ್ಡದು ಮಾಡಬೇಕು. ಬಳೆ ಒಡೆಯುವಂತಿಲ್ಲ, ಅದು ಹೆಚ್ಚುತ್ತದೆ. ಚಿಕ್ಕವಳಿದ್ದಾಗ ಒಮ್ಮೆ ಬಾಯಿ ತಪ್ಪಿ "ಅಕ್ಕಿ ಇಲ್ಲ" ಅಂದುಬಿಟ್ಟಿದ್ದೆ. ಆಯಿ ನನ್ನ ತುಟಿಯ ಮೇಲೆ ಎರಡು ಬೆರಳಿಟ್ಟು ತಟ್ಟಿದಳು. "ಉಣ್ಣೋ ಪದಾರ್ಥಕ್ಕ ಇಲ್ಲ ಅಂತೀಯೇನ? ಅದಕ್ಕೂ ಕಿವಿ ಇರತಾವ. ಕೇಳಿಸ್ಕೊಂಡು ಖರೇನ ಹೋಗಿಬಿಟ್ಟೀತು!"

ನಾನು ಕನ್ನಡ ಕಲಿತದ್ದು ಹಾಗೆ. ಆ ಮಾತನ್ನು ಮುಂದೆ ದುಬೈಯಲ್ಲಿ ಒಬ್ಬರು ತಕ್ಕಡಿಗೆ ಹಾಕಿ ಅರ್ಧ ಬೆಲೆಗೆ ಇಳಿಸುತ್ತಾರೆಂದು ಆಯಿಗೆ ಗೊತ್ತಾಗಲಿಲ್ಲವಲ್ಲ, ಅದೇ ಪುಣ್ಯ.

ಎಂಬಿಎ ಎರಡನೆಯ ವರ್ಷ. ನಾನು ಆರಿಸಿಕೊಂಡ ವಿಷಯ ಅಂತರರಾಷ್ಟ್ರೀಯ ವ್ಯಾಪಾರ. ಆ ವಿಷಯದವರಿಗೆಲ್ಲ ಹೊರದೇಶಕ್ಕೆ ಅಧ್ಯಯನ ಪ್ರವಾಸ ಕಡ್ಡಾಯ. ಪ್ರತಿಯೊಬ್ಬರೂ ತಮ್ಮ ಊರ ಕಡೆಯ ಒಂದು ಸರಕು ಒಯ್ದು, ಅಲ್ಲಿಯ ವ್ಯಾಪಾರಿಯ ಎದುರು ಅದರ ಬಗ್ಗೆ ಮಾತಾಡಬೇಕು. ನಾನು ಒಯ್ದದ್ದು ಚಿಗವ್ವನ ಕಡಕ್ ರೊಟ್ಟಿ.

ಚಿಗವ್ವ ನನ್ನ ತಾಯಿಯ ತಂಗಿ, ನೇಸರಗಿಯಲ್ಲಿ ಮನೆ. ಪಡಸಾಲೆಯಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಬಡಿಯುತ್ತಾಳೆ. ಹೊರಗಿನಿಂದ ಬಂದವರಿಗೆ ಮೊದಲು ಕೇಳುವುದು ಚಪಚಪ ಸದ್ದು, ಆಮೇಲೆ ನಗು, ಕೊನೆಗೆ "ಬರ್ರಿ, ಕುಂದರ್ರಿ". ಒಣಗಿ ಗರಿಗರಿಯಾದ ರೊಟ್ಟಿಯನ್ನೆಲ್ಲ ರಾಮದುರ್ಗದ ಸಗಟು ವ್ಯಾಪಾರಿಯೊಬ್ಬ ಟೆಂಪೊ ತಂದು ಒಯ್ಯುತ್ತಿದ್ದ. ಒಯ್ದು ಪಾಕೀಟು ಮಾಡಿ, ಮೇಲೆ ತನ್ನ ಹೆಸರಿನ ಚೀಟಿ ಅಂಟಿಸಿ, ಹೆಸರಿನ ಪಕ್ಕ ತನ್ನದೇ ಭಾವಚಿತ್ರ ಹಾಕಿ ಮಾರುತ್ತಿದ್ದ.

"ರೊಟ್ಟಿ ಬಡಿಯೋರು ನಾವು, ಪಾಕೀಟಿನ ಮ್ಯಾಲ ಮೀಸಿ ಅವಂದು," ಎಂದು ಚಿಗವ್ವ ಹಂಚಿನ ಮುಂದೆ ಕೂತು ಕುದಿಯುತ್ತಿದ್ದಳು. ನಮ್ಮ ಹೆಸರು ಹಾಕ್ರಿ ಎಂದು ಕೇಳಿದಾಗ ಅವನು ನಕ್ಕು, "ನಿಮ್ಮ ಹೆಸರು ಯಾರಿಗೆ ಗೊತ್ತೈತ್ರಿ ಅಕ್ಕಾರ?" ಅಂದಿದ್ದನಂತೆ. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ನನ್ನ ಪ್ರವಾಸದ ಸುದ್ದಿ ಕೇಳಿದ್ದೇ ತಡ, ಬೈಲಹೊಂಗಲಕ್ಕೆ ಬಂದು ಪ್ರೆಸ್ಸಿನಲ್ಲಿ ಹಳದಿ ಚೀಟಿಗಳ ಕಟ್ಟೊಂದನ್ನು ಅಚ್ಚು ಹಾಕಿಸಿದಳು. ಅದರ ಮೇಲೆ ತಮ್ಮ ಹೆಂಗಸರ ಗುಂಪಿನ ಹೆಸರು, ಕೆಳಗೆ ಹಿಟ್ಟು ಹತ್ತಿದ ಅಂಗೈಯ ಚಿತ್ರ.

"ಅಲ್ಲಿ ಒಬ್ಬಾಂವ ನಮ್ಮ ಚೀಟಿ ಮ್ಯಾಲ ರೊಟ್ಟಿ ತಗೊಂಡ್ರ ಸಾಕು ತಂಗಿ," ಅಂದಳು ಡಬ್ಬಿ ಕಟ್ಟಿಕೊಡುತ್ತ. "ಇಲ್ಲಿ ಈ ಮೀಸ್ಯಾಂವಗ ಹೇಳಾಕ ನನಗೊಂದ ಮಾತು ಸಿಗತೈತಿ. ಮುರದ ರೊಟ್ಟಿ ಮಾತ್ರ ತೋರಸಬ್ಯಾಡ. ಮುರದದ್ದು ನೀನ ತಿಂದಬಿಡು."

ಕಿತ್ತೂರಿನ ಹೆದ್ದಾರಿಯಲ್ಲಿ ವಿಮಾನ ನಿಲ್ದಾಣದ ಬಸ್ಸು ಹತ್ತಿದೆವು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ನಮ್ಮನ್ನು ಕರೆದೊಯ್ದ ಪ್ರೊಫೆಸರ್ ಬೆಂಗಳೂರಿನವರು, ಇಂಗ್ಲಿಷ್ ಶಾಲೆಯಲ್ಲಿ ಬೆಳೆದವರು, ಮನೆಯ ಮಾತು ಮಾತ್ರ ಕನ್ನಡ. ಅವರ ಕೈಯಲ್ಲಿ ಒಂದು ಬ್ಯಾನರ್ ಇತ್ತು. ಆ ಬ್ಯಾನರಿನ ಸೇವೆಯೇ ನಮ್ಮ ಅಧ್ಯಯನ ಅಂತ ದುಬೈಯಲ್ಲಿ ಇಳಿದ ಮೇಲೆ ತಿಳಿಯಿತು. ಮಾಲಿನ ಮುಂದೆ ಬ್ಯಾನರ್. ಕಾರಂಜಿಯ ಮುಂದೆ ಬ್ಯಾನರ್. ಒಂಟೆಯ ಮುಂದೆ ಬ್ಯಾನರ್ ಹಿಡಿದಾಗ ಒಂಟೆ ಮುಖ ತಿರುಗಿಸಿತು. ಅದಕ್ಕಿದ್ದ ಬುದ್ಧಿ ನಮಗಿರಲಿಲ್ಲ. ಬಂದರು ನೋಡಬೇಕೆಂದು ನಾನು ಊರಿಂದಲೇ ಆಸೆ ಕಟ್ಟಿಕೊಂಡು ಹೋಗಿದ್ದೆ. "ಎಡಕ್ಕೆ ನೋಡಿ, ಬಂದರು" ಅಂತ ಪ್ರೊಫೆಸರ್ ಬಸ್ಸಿನಲ್ಲಿ ಕೂಗಿದರು. ನಾನು ಕತ್ತು ತಿರುಗಿಸುವಷ್ಟರಲ್ಲಿ ಎಡಕ್ಕೆ ಪೆಟ್ರೋಲ್ ಪಂಪು ಬಂದಿತ್ತು. ಹಡಗಿಗೆ ಸರಕು ಹೇಗೆ ಏರುತ್ತದೆ ಎಂದು ಕೇಳಿದೆ. "ನೋಟ್ಸ್‌ನಲ್ಲಿದೆಯಲ್ಲಮ್ಮ" ಅಂದರು. ನೋಟ್ಸಿನಲ್ಲಿರುವುದನ್ನು ಓದಲು ಸಮುದ್ರ ದಾಟಬೇಕಿತ್ತೆ? ನಮ್ಮ ಮನೆಯ ಹಗ್ಗದ ಹೊರಸಿನ ಮೇಲೆ ಕೂತೇ ಓದುತ್ತಿದ್ದೆ.

ಕೊನೆಗೂ ಒಂದು ಸಗಟು ಕಿರಾಣಿ ಅಂಗಡಿಗೆ ಕರೆದೊಯ್ದರು. ಅಂಗಡಿಯ ಸಾಹುಕಾರ ನಮ್ಮ ದೇಶದಿಂದಲೇ ಹೋಗಿ ಅಲ್ಲಿ ನೆಲೆ ನಿಂತವನು, ಹಿಂದಿ ಮಾತಾಡುತ್ತಿದ್ದ. ನನ್ನ ಸರದಿ ಬಂದಾಗ ಡಬ್ಬಿ ಬಿಚ್ಚಿದೆ. ಸಜ್ಜೆ ರೊಟ್ಟಿ ಮುರಿದ ಸದ್ದಿಗೆ ಅಂಗಡಿಯ ಆಳುಗಳೂ ತಿರುಗಿ ನೋಡಿದರು. ಸಾಹುಕಾರ ಗುರೆಳ್ಳಿನ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಹಚ್ಚಿಕೊಂಡು ಒಂದು ತುಂಡು ತಿಂದ, ಇನ್ನೊಂದನ್ನು ಕೇಳದೆಯೇ ತೆಗೆದುಕೊಂಡ. ಹಳದಿ ಚೀಟಿಯನ್ನು ತಿರುಗಿಸಿ ನೋಡಿ, ಈ ಕೈ ಚೆನ್ನಾಗಿದೆ, ಹೀಗೇ ಇರಲಿ ಅಂದ. ನನ್ನ ಎದೆ ಆಗಲೇ ನೇಸರಗಿಯ ಬಸ್ಸು ಹತ್ತಿತ್ತು. ಈಗ ಅವರ ಬಳಿ ಎಷ್ಟು ದಾಸ್ತಾನು ಇದೆ, ಕೇಳಿ ಅಂದ.

ಚಿಗವ್ವನಿಗೆ ಫೋನ್ ಹಚ್ಚಿದೆ. ಅಷ್ಟರಲ್ಲಿ ಪ್ರೊಫೆಸರ್ ಕೈಚಾಚಿ, "ಕೊಡಿ, ಮಾತುಕತೆ ಹೇಗೆ ನಡೆಸಬೇಕು ಅಂತ ತೋರಿಸ್ತೀನಿ. ನೀವು ಗಮನಿಸಿ," ಅಂದು ಫೋನು ಕಸಿದುಕೊಂಡರು.

"ಅಮ್ಮ, ಈಗ ರೊಟ್ಟಿ ಎಷ್ಟಿದೆ?"

ಅತ್ತಲಿಂದ ಚಿಗವ್ವನ ಸಂಭ್ರಮದ ದನಿ ಅಂಗಡಿಗೆಲ್ಲ ಕೇಳಿಸಿತು. "ಯಪ್ಪಾ, ಸವದತ್ತಿ ಹುಣ್ಣಿವಿ ಜಾತ್ರಿ ಅಲ್ರಿ! ಎಲ್ಲಾ ಹೆಚ್ಚಾಗ್ಯಾವ್ರಿ ಸರ. ಸಜ್ಜೀವೂ ಹೆಚ್ಚಾಗ್ಯಾವ, ಜ್ವಾಳದ್ದೂ ಹೆಚ್ಚಾಗ್ಯಾವ!"

ಪ್ರೊಫೆಸರ್ ತಲೆಯಾಡಿಸಿ ಫೋನು ಇಟ್ಟರು. ಸಾಹುಕಾರನತ್ತ ತಿರುಗಿ, ಅವರಲ್ಲಿ ಬಹಳ ಮಾಲು ಮಿಕ್ಕಿದೆಯಂತೆ, ಎರಡೂ ಬಗೆಯದು, ಅಂದರು.

ಸಾಹುಕಾರನ ಕೈಯಲ್ಲಿದ್ದ ತುಂಡು ತಟ್ಟೆಗೆ ಮರಳಿತು. ಹುಬ್ಬೇರಿಸಿದ. ಅಲ್ಲಿಯವರೇ ತಿನ್ನದೆ ಬಿಟ್ಟ ಮಾಲೇ? ಹಾಗಾದರೆ ಅರ್ಧ ಬೆಲೆ. ಅಂಟಿಸುವ ಚೀಟಿಯೂ ನನ್ನದೇ, ಅಂದ.

"ಸರ್, ಹೆಚ್ಚಾಗ್ಯಾವ ಅಂದ್ರ ಮುಗದಾವ ಅಂತ!" ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಒಂದೂ ಉಳಿದಿಲ್ಲ ಅಂತ ಹೇಳ್ಯಾಳ. ಎಲ್ಲಾ ಖರ್ಚಾಗ್ಯಾವ."

"ಕನ್ನಡ ನನಗೂ ಬರುತ್ತಮ್ಮ," ಅಂದರು ನಗುತ್ತ. "ಹೆಚ್ಚಾಗಿದೆ ಅಂದರೆ ಹೆಚ್ಚಾಗಿದೆ. ಮುಗಿದಿದೆ ಅನ್ನೋಕೆ ಮುಗಿದಿದೆ ಅಂತ ಪದ ಇಲ್ಲವಾ?"

ಅವರನ್ನು ಬಿಟ್ಟು ನಾನೇ ಸಾಹುಕಾರನಿಗೆ ಹಿಂದಿಯಲ್ಲಿ ತಿಳಿಸಲು ಹೋದೆ. ಅವನು ಹೊಟ್ಟೆ ಕುಣಿಸಿ ನಕ್ಕ. ಬೇಟಿ, ಅರ್ಧ ಬೆಲೆ ಅಂದ ಕೂಡಲೇ ಮಿಕ್ಕ ಮಾಲು ಮುಗಿದುಹೋಯಿತೆ? ನೀನು ಒಳ್ಳೆಯ ವ್ಯಾಪಾರಿ ಆಗುತ್ತೀ! ಸುತ್ತ ನಿಂತ ನನ್ನ ಸಹಪಾಠಿಗಳೂ ನಕ್ಕರು. ಪ್ರೊಫೆಸರ್ ಅವರತ್ತ ಬೆರಳೆತ್ತಿ, "ನೋಡಿದಿರಾ? ಕೊಳ್ಳುವವನ ಚಾತುರ್ಯ ಅಂದರೆ ಇದು," ಎಂದು ಪಾಠ ಶುರು ಮಾಡಿದರು. ಆಮೇಲೆ ಬ್ಯಾನರ್ ಬಿಚ್ಚಿದರು. ನನಗೆ ಅದರ ಒಂದು ತುದಿ ಹಿಡಿಯಲು ಕೊಟ್ಟರು. ಆ ಫೋಟೊದಲ್ಲಿ ಎಲ್ಲರೂ ನಗುತ್ತಿದ್ದಾರೆ; ನನ್ನ ಮುಖ ನೋಡಿದರೆ ಹಾಲು ಒಡೆಯುತ್ತದೆ.

ಸಿಟ್ಟು ಅಲ್ಲಿಗೇ ಮುಗಿದಿದ್ದರೆ ಮರೆಯುತ್ತಿದ್ದೆನೇನೋ. ಊರಿಗೆ ಮರಳಿದ ಮೇಲೆ ಕಾಲೇಜಿನಲ್ಲಿ ಪ್ರವಾಸದ ವರದಿ ಮಂಡಿಸುವ ಸಭೆ ಆಯಿತು. ಪರದೆಯ ಮೇಲೆ ನಾನೇ ತೆಗೆದ ಚಿತ್ರ, ಚಿಗವ್ವನ ರೊಟ್ಟಿಯ ರಾಶಿ. ಅದರ ಕೆಳಗೆ ಪ್ರೊಫೆಸರ್ ಬರೆದಿದ್ದರು: ಬೇಡಿಕೆಯ ಅಂದಾಜಿಲ್ಲದೆ ಅತಿಯಾಗಿ ಉತ್ಪಾದಿಸುವ ಗ್ರಾಮೀಣ ಮಹಿಳೆಯರು.

ನಮ್ಮ ಪಠ್ಯದಲ್ಲಿ ಒಂದು ಇಡೀ ಅಧ್ಯಾಯವಿದೆ, ಪರರ ಸಂಸ್ಕೃತಿಯನ್ನು ಅರಿತು ವ್ಯಾಪಾರ ಮಾಡುವುದು ಹೇಗೆ ಅಂತ. ಜಪಾನಿನವರು ಹೌದು ಅಂದರೆ ಒಪ್ಪಿದರು ಅಂತಲ್ಲ, ಅವರ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಅರಬರ ಮುಂದೆ ಅಂಗಾಲು ತೋರಿಸಬಾರದು. ಇದನ್ನೆಲ್ಲ ಇದೇ ಪ್ರೊಫೆಸರ್ ಎಷ್ಟು ಭಕ್ತಿಯಿಂದ ಕಲಿಸಿದ್ದರು! ಜಪಾನಿನವನ ಹೌದಿನೊಳಗಿನ ಇಲ್ಲ ಇವರಿಗೆ ಕೇಳುತ್ತದೆ. ನೇಸರಗಿಯ ಹೆಂಗಸಿನ ಹೆಚ್ಚಿನೊಳಗಿನ ಇಲ್ಲ ಕೇಳುವುದಿಲ್ಲ. ಕೇಳುವುದಿಲ್ಲ ಅನ್ನುವುದಕ್ಕಿಂತ, ಕೇಳಬೇಕು ಅಂತಲೇ ಅವರಿಗೆ ಅನ್ನಿಸಿರಲಿಲ್ಲ. ಪರದೇಶದವರಿಗೆ ಸಂಸ್ಕೃತಿ ಇರುತ್ತದೆ, ನಮಗೆ ಬರೀ ಅಜ್ಞಾನ ಇರುತ್ತದೆ.

ಎದ್ದು ನಿಂತು ಹೇಳಿದೆ. ಈ ರಾಶಿ ಮಿಕ್ಕದ್ದಲ್ಲ, ಅಂದೇ ಖರ್ಚಾದದ್ದು. ಆ ಮಾತಿನ ಅರ್ಥ ಇದು. ಬೇಕಾದರೆ ಇಲ್ಲಿ ಕೂತವರು ತಮ್ಮ ಮನೆಯ ಹಿರಿಯರಿಗೆ ಫೋನು ಮಾಡಿ ಕೇಳಲಿ. ಸಭೆಯಲ್ಲಿ ಅರ್ಧಕ್ಕರ್ಧ ಜನ ನಮ್ಮ ಕಡೆಯವರೇ. ಅವರಿಗೆಲ್ಲ ಆ ಮಾತು ಗೊತ್ತಿತ್ತು. ಆದರೆ ಪ್ರಾಜೆಕ್ಟಿನ ಅಂಕಗಳು ಪ್ರೊಫೆಸರರ ಕೈಯಲ್ಲಿದ್ದವು. "ಭಾವನೆ ಬೇರೆ, ಬಿಸಿನೆಸ್ ಬೇರೆ," ಅಂದರು ಪ್ರೊಫೆಸರ್. ಚಪ್ಪಾಳೆ ಬಿತ್ತು.

ಸಿಟ್ಟಿನಲ್ಲೇ ನೇಸರಗಿಗೆ ಹೋಗಿ ಚಿಗವ್ವನಿಗೆ ಎಲ್ಲ ಹೇಳಿದೆ. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಹಿಟ್ಟಿನ ಕೈಯನ್ನು ಗಲ್ಲಕ್ಕೆ ಹಚ್ಚಿಕೊಂಡಳು.

"ಅಂದ್ರ ನಾವು ಮಾಡಿದ ರೊಟ್ಟಿ ಯಾರೂ ತಿನ್ನೂದಿಲ್ಲ ಅಂತ ಬರದಾರ?"

"ಹೂಂ. ಇನ್ನ ಮ್ಯಾಲ ಫೋನಿನ್ಯಾಗ ಖಾಲಿ ಆಗ್ಯಾವ ಅಂತ ಹೇಳಿಬಿಡು ಚಿಗವ್ವಾ."

ಅವಳ ಸಿಟ್ಟು ಈಗ ನನ್ನತ್ತ ತಿರುಗಿತು. "ಏನಂದಿ? ಉರಿಯೋ ಒಲಿ ಮುಂದ ಕುಂತು ಖಾಲಿ ಅನ್ನಲ್ಯಾ? ನಿಮ್ಮ ಆಯಿ ಇದ್ದಿದ್ರ ನಿನ್ನ ಬಾಯಿಗೆ ಕೊಳ್ಳಿ ಇಡತಿದ್ಲು. ಅವರಿಗೆ ತಿಳೀಲಿಲ್ಲಂದ್ರ ಅವರು ಕಲೀಲಿ. ಸಾಲಿ ಕಲ್ತೋರು ಅವರೋ, ನಾನೋ?"

ಅಷ್ಟರಲ್ಲಿ ನನ್ನ ಫೋನು ರಿಂಗಣಿಸಿತು. ದುಬೈ ಸಾಹುಕಾರ. ಆ ರುಚಿ ಅವನನ್ನು ಬಿಟ್ಟಿರಲಿಲ್ಲ. ಅರ್ಧ ಬೆಲೆ, ನನ್ನ ಚೀಟಿ, ಒಪ್ಪುತ್ತಾರಾ ಕೇಳು ಅಂದ. ಕೇಳಿದೆ. ಪಡಸಾಲೆಯಲ್ಲಿ ರೊಟ್ಟಿಯ ಸದ್ದು ನಿಂತಿತು. ಹೆಂಗಸರೆಲ್ಲ ಚಿಗವ್ವನ ಮುಖ ನೋಡಿದರು. ಅವಳು ಗೋಡೆಯ ಗೂಡಿನಲ್ಲಿದ್ದ ಹಳದಿ ಕಟ್ಟನ್ನು ನೋಡಿದಳು.

"ರೊಟ್ಟಿ ಹೆಚ್ಚಾಗ್ಯಾವ ಅಂತ ಹೇಳು ಅವಗ."

"ಚಿಗವ್ವಾ, ಅವಗ ಮತ್ತ ಹಂಗ—"

"ಹಂಗ ಹೇಳು. ಕನ್ನಡದಾಗ ಹೇಳು."

ಹೇಳಿದೆ. ಕ್ಯಾ ಬೋಲಾ, ಕ್ಯಾ ಬೋಲಾ ಎಂದು ಅವನು ಕೇಳುತ್ತಲೇ ಇದ್ದ. ನಾನು ಅನುವಾದ ಮಾಡಲಿಲ್ಲ.

ಮಧ್ಯಾಹ್ನವೆಲ್ಲ ಚಿಗವ್ವ ಸವದತ್ತಿಯ ಅಂಗಡಿಗಳಿಗೆ ಫೋನು ಹಚ್ಚಿದಳು. ಸಂಜೆಗೆ ರಾಮದುರ್ಗದ ಟೆಂಪೊ ಬಂದು ಬಾಗಿಲಲ್ಲಿ ಹಾರ್ನು ಹೊಡೆಯಿತು. ಮೀಸೆಯವನೇ ಇಳಿದು ಬಂದ. ಪಡಸಾಲೆಯಲ್ಲಿ ರೊಟ್ಟಿ ಎದೆಮಟ್ಟ ಪೇರಿಸಿತ್ತು. ಹೆಂಗಸರು ಸುತ್ತ ಕೂತು ಪಾಕೀಟು ಕಟ್ಟಿ, ಅಂಟು ಸವರಿ, ಹಳದಿ ಚೀಟಿ ಹಚ್ಚುತ್ತಿದ್ದರು.

"ತಗೀರಿ ಅಕ್ಕಾರ, ತುಂಬೂಣು."

"ಇವತ್ತ ಹೆಚ್ಚಾಗ್ಯಾವೋ ತಮ್ಮಾ," ಅಂದಳು ಚಿಗವ್ವ.

ಅವನು ರಾಶಿಯನ್ನು ನೋಡಿದ, ಅವಳನ್ನು ನೋಡಿದ. "ಕಣ್ಣ ಮುಂದ ಕಾಣಾಕತ್ತಾವಲ್ರಿ?"

"ಅವು ಸವದತ್ತಿ ಅಂಗಡಿಗೆ ಹೊಂಟಾವ, ನಮ್ಮ ಹೆಸರ ಮ್ಯಾಲ. ನಿನಗ ಹೆಚ್ಚಾಗ್ಯಾವ."

ಅವನು ನಮ್ಮ ಕಡೆಯ ಮನುಷ್ಯ. ಆ ಮಾತಿನ ಅರ್ಥ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೀಸೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡು, ಬರಿದೇ ಇದ್ದ ಟೆಂಪೊವನ್ನು ಹಿಂದಕ್ಕೆ ತಿರುಗಿಸಿದ.