ಕೆಮ್ಮು ಇಲ್ಲದ ಮಿಲ್ಲು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊನ್ನಾಳಿಯಿಂದ ಬಂದು ಜಗಳೂರಿನ ಹತ್ತಿ ಮಿಲ್ಲಿನಲ್ಲಿ ಹಾಜರಿ ಗುಮಾಸ್ತನಾಗಿದ್ದ ನನ್ನನ್ನು ಎಲ್ಲರೂ ರೈಟರ್ ಎನ್ನುತ್ತಿದ್ದರು. ಬೀಜ ಬಿಡಿಸುವ ಯಂತ್ರಗಳ ಮುಂದೆ ಹೆಂಗಸರು ಸಾಲಾಗಿ ಕೂತು ಹತ್ತಿ ಉಣಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ರೆಪ್ಪೆಗಳು ಧೂಳಿನಿಂದ ಬೆಳ್ಳಗಾಗುತ್ತಿದ್ದವು. ಗಂಟಲಿನ ಧೂಳಿಗೆ ಬೆಲ್ಲವೇ ಮದ್ದೆಂದು ನಂಬಿಕೆ. ದಿನಾ ಮೂರು ಗಂಟೆಗೆ ತಲೆಗೊಂದು ಚೂರು ಬೆಲ್ಲ ಹಂಚುವುದು ನನ್ನ ಕೆಲಸ. ಕೂಲಿಯ ಹೊರತಾಗಿ ಮಿಲ್ಲು ಅವರಿಗೆ ಕೊಡುತ್ತಿದ್ದದ್ದು ಅದೊಂದೇ.

ಮೂರನೆಯ ಯಂತ್ರದಲ್ಲಿ ಕೂರುತ್ತಿದ್ದ ಹೆಂಗಸಿಗೆ ನಲವತ್ತರ ಆಸುಪಾಸು. ಗಂಡ ತೀರಿಹೋಗಿದ್ದ. ಇಬ್ಬರು ಹೆಣ್ಣುಮಕ್ಕಳು. ಎರಡು ವರ್ಷದಿಂದ ಅವಳಿಗೆ ಒಣಕೆಮ್ಮು. ವಾರದ ರಜೆ ಮುಗಿಸಿ ಬಂದ ದಿನ ಗೇಟಿನಿಂದ ಯಂತ್ರದವರೆಗೆ ಎರಡು ಕಡೆ ನಿಂತು, ಎದೆ ಒತ್ತಿಕೊಂಡು ನಡೆಯುತ್ತಿದ್ದಳು. ಮರುದಿನ ತುಸು ಹಗುರ. ಬಾಗಿಲಲ್ಲಿ ಕೂತ ನನಗೆ ಇದು ಪ್ರತಿ ವಾರ ಕಾಣುತ್ತಿತ್ತು.

ಎದೆಯ ಕಾಯಿಲೆ ಇರುವ ಕೆಲಸಗಾರರ ಪಟ್ಟಿ ಮಾಡಲು ಡಾಕ್ಟರು ಬರುತ್ತಾರೆಂದು ಸರ್ಕಾರದಿಂದ ಒಂದು ಕಾಗದ ಬಂತು. ಹೆಂಗಸರಿಗೆ ಓದಿ ಹೇಳಿದವನು ನಾನೇ. ಪಟ್ಟಿ ಯಾಕೆಂದು ಅದರಲ್ಲಿರಲಿಲ್ಲ. ನಮ್ಮಲ್ಲಿ ಅದುವರೆಗೆ ಪಟ್ಟಿಯೆಂದರೆ ಕೆಲಸದಿಂದ ತೆಗೆಯುವವರ ಪಟ್ಟಿ. ಹಿಂದಿನ ವರ್ಷ ಬಹಳ ಕೆಮ್ಮುತ್ತಿದ್ದ ಇಬ್ಬರನ್ನು ಹಾಗೆಯೇ ಕಳಿಸಿದ್ದರು. ಡಾಕ್ಟರ ಎದುರು ಯಾರೂ ಕೆಮ್ಮಬೇಡಿ ಎಂದೆ.

ಡಾಕ್ಟರು ಬರುವ ದಿನ ಬೆಲ್ಲವನ್ನು ಬೆಳಿಗ್ಗೆಯೇ ಕೊಡಿ ಎಂದು ಹೆಂಗಸರು ಕೇಳಿದರು. ಕೊಟ್ಟೆ. ಮೂರನೆಯ ಯಂತ್ರದವಳಿಗೆ ಎರಡು ಚೂರು. ಎಲ್ಲರೂ ಅದನ್ನು ದವಡೆಯಲ್ಲಿಟ್ಟುಕೊಂಡು, ಮೆಲ್ಲಗೆ ರಸ ನುಂಗುತ್ತ ಗೋಡೌನಿನಲ್ಲಿ ಸಾಲಾಗಿ ನಿಂತರು. "ಹೆಣ್ಣು ನೋಡಾಕೆ ಬಂದಂಗೈತೆ, ಸೆರಗು ಸರಿ ಮಾಡ್ಕಳ್ರೇ" ಎಂದು ಒಬ್ಬಳು ಹೇಳಿದ್ದಕ್ಕೆ ಉಳಿದವರು ಬಾಯಿ ಮುಚ್ಚಿಕೊಂಡೇ ನಕ್ಕರು.

ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯುಳ್ಳವರು. ಮೂರನೆಯ ಯಂತ್ರದವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ರಜೆಯ ಮರುದಿನ ಎದೆ ಬಿಗಿಯುತ್ತದೆಯೇ ಎಂದು ವಿಚಾರಿಸಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಕತ್ತಿನ ನರ ಉಬ್ಬಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಕೆಮ್ಮಲಿಲ್ಲ. ಆಗ ಡಾಕ್ಟರು ನನ್ನ ಕಡೆ ತಿರುಗಿದರು.

"ದಿನಾ ಬಾಗಿಲಲ್ಲಿ ನೋಡ್ತೀರಲ್ಲ, ಈಯಮ್ಮನಿಗೆ ಉಸಿರಿನ ತೊಂದರೆ ಇದೆಯಾ?"

"ಹಂಗೇನಿಲ್ಲ ಸಾರ್" ಎಂದೆ.

ಪಟ್ಟಿಯಲ್ಲಿ ಒಂದು ಹೆಸರೂ ಬೀಳಲಿಲ್ಲ. ಆಮೇಲೆ ಮಾಲೀಕರ ಕೋಣೆಯಲ್ಲಿ ಚಹಾ ಕುಡಿಯುತ್ತ ಡಾಕ್ಟರು ವಿಷಯ ಬಿಡಿಸಿ ಹೇಳಿದರು. ಪಟ್ಟಿಯಲ್ಲಿದ್ದವರಿಗೆ ದೊಡ್ಡ ಆಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ ಸಿಗುತ್ತಿತ್ತು, ಅಷ್ಟು ದಿನ ಅರ್ಧ ಕೂಲಿ ಬರುತ್ತಿತ್ತು, ವಾಪಸಾದ ಮೇಲೆ ಧೂಳಿಲ್ಲದ ಕೆಲಸ ಕೊಡಬೇಕಾಗುತ್ತಿತ್ತು. ನಿಮ್ಮ ಮಿಲ್ಲಿಗೆ ಅದೃಷ್ಟವಿದೆ ಎಂದು ಮಾಲೀಕರ ಕೈ ಕುಲುಕಿದರು. ನಾನು ಬಾಗಿಲ ಬಳಿಯೇ ನಿಂತಿದ್ದೆ. ಡಾಕ್ಟರ ಜೀಪು ಹೊರಡಲು ಕಾಲು ಗಂಟೆಯಾದರೂ ಇತ್ತು. ಮಾತಾಡಿದರೆ ನನ್ನ ಸುಳ್ಳು ಮಾಲೀಕರ ಎದುರಿಗೇ ಬಯಲಾಗುತ್ತಿತ್ತು. ಮಾತಾಡಲಿಲ್ಲ.

ಸಂಜೆ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಡಾಕ್ಟರನ್ನು ಹುಡುಕಿಕೊಂಡು ಹೋಗೋಣ, ನಾನೂ ಬರುತ್ತೇನೆ ಎಂದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಈಗ ಹೋಗಿ ಹೆಂಗೆ ಹೇಳಾದು, ರೈಟ್ರೇ? ನಾನೊಬ್ಬಾಕಿ ಸುಳ್ಳು ಹೇಳಿದ್ದು ಗೊತ್ತಾದ್ರೆ ಎಲ್ರದೂ ಗೊತ್ತಾಗತೈತೆ. ಅವರ ಕೂಲಿಗೂ ಕಲ್ಲು ಬೀಳತೈತೆ. ನಿಮ್ಮ ನೌಕರಿನೂ ಉಳಿಯಾದಿಲ್ಲ. ಬಿಡ್ರಿ."

ಇನ್ನೊಮ್ಮೆ ಒತ್ತಾಯ ಮಾಡಬೇಕಿತ್ತು. ಮಾಡಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ನನಗೆ ಸಮಾಧಾನವಾಗಿತ್ತು. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಅವಳು ಯುಗಾದಿಯವರೆಗೆ ಕೆಲಸಕ್ಕೆ ಬಂದಳು. ಮಳೆಗಾಲ ಹಿಡಿಯುವ ಮೊದಲೇ ತೀರಿಕೊಂಡಳು. ಆ ವಾರವೇ ಅವಳ ದೊಡ್ಡ ಮಗಳು ಶಾಲೆ ಬಿಟ್ಟು ಮಿಲ್ಲಿನ ಗೇಟಿಗೆ ಬಂದಳು. ಯಂತ್ರ ಖಾಲಿಯಿತ್ತು. ಒಳಗೆ ಬಿಟ್ಟುಕೊಂಡವನು ನಾನೇ.