ಅಪ್ಪನ ಕಣ್ಣಿನ ಸುಣ್ಣ

ತೊಂಬತ್ತರ ದಶಕದ ಆ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟೇ: ‘ಅಪ್ಪನ ಕಣ್ಣಿನ ಆಪರೇಷನ್. ತೊಂದರೆಯಿಲ್ಲ.’ ಡಾಕ್ಟರಿಗೆ ನಾನು ಹೇಳಿದ ಸುಳ್ಳು ಅದರಲ್ಲಿಲ್ಲ. ಹಾಗಾಗಿ ನೆನಪನ್ನೇ ನಂಬಬೇಕು. ಅದೋ, ಸಾಮಾನ್ಯವಾಗಿ ನನ್ನ ಪರವಾಗಿಯೇ ಮಾತಾಡುತ್ತದೆ.

ಅಪ್ಪ ಪಾಂಡವಪುರದಲ್ಲಿ ಅಕ್ಕಸಾಲಿಗರು. ಎಡಗಣ್ಣು ಮೊದಲೇ ಮಂಕು. ಈಗ ಬಲಗಣ್ಣಿಗೂ ಅಡ್ಡಲಾಗಿ ಬಿಳಿ ಪಟ್ಟಿಯೊಂದು ಬೆಳೆದು, ಬೆಸುಗೆ ಕೂತಿದೆಯೋ ಇಲ್ಲವೋ ಎಂದು ಬೆರಳಲ್ಲಿ ಸವರಿ ನೋಡುವಂತಾಗಿತ್ತು. ಆ ಕಣ್ಣು ಹೋದರೆ ಕಸುಬೂ ಹೋಗುತ್ತಿತ್ತು.

“ಇದು ಪೊರೆಯಲ್ಲ. ಕಣ್ಣಿನ ಮುಂದಿನ ತಿಳಿಪದರದ ಮೇಲೆ ಸುಣ್ಣದ ಅಂಶ ಕೂತಿದೆ. ಔಷಧಿ ಹಾಕಿ ಸಡಿಲ ಮಾಡಿ, ಮೆಲ್ಲಗೆ ಕೆರೆದು ತೆಗೀತೀವಿ,” ಎಂದರು ಮೈಸೂರಿನ ಡಾಕ್ಟರು.

ಅಪ್ಪನಿಗೆ ಖುಷಿಯಾಯಿತು. “ಅಂಗಾರೆ ನಿಮ್ದೂ ನಮ್ ಕೆಲ್ಸನೇ ಅನ್ನಿ ಸಾ!”

“ಏನು ಕೆಲಸ ನಿಮ್ಮದು?”

ನಾನು ಆಗಷ್ಟೇ ಎಂ.ಎ. ಮುಗಿಸಿ ಕೆ.ಆರ್. ಪೇಟೆಯಲ್ಲಿ ಮೇಷ್ಟರಾಗಿದ್ದೆ. ಅಪ್ಪನ ಅಂಗಿಯ ತುಂಬ ಆಸಿಡ್ ಸುಟ್ಟ ತೂತುಗಳು. ಅವರು ಉತ್ತರಿಸುವ ಮೊದಲೇ, “ಈಗೇನೂ ಮಾಡಲ್ಲ ಸರ್, ಮನೆಯಲ್ಲೇ ಇರ್ತಾರೆ,” ಎಂದುಬಿಟ್ಟೆ.

ಆಪರೇಷನ್ ಮುಗಿಸಿ ಬರುವಾಗ ಬಸ್ಸು ಶ್ರೀರಂಗಪಟ್ಟಣ ದಾಟಿದ ಮೇಲೆ ಅಪ್ಪ, “ಯಾಕ್ಲಾ, ನಾನೇನು ಕಳ್ತನ ಮಾಡ್ತಿದ್ನಾ?” ಎಂದರು. ನಗುತ್ತಾ ಅಂದರು ಎಂದು ನೆನಪು. ನಗದೆಯೂ ಇದ್ದಿರಬಹುದು.

ನಾಲ್ಕನೆಯ ದಿನ ದೇವಲಾಪುರದವರೊಬ್ಬರು ಮಗಳ ತಾಳಿಗೆ ಚಿನ್ನ ತಂದರು. ತಾಳಿಯ ಚಿನ್ನವನ್ನು ಒಳ್ಳೆಯ ಗಳಿಗೆ ನೋಡಿ, ಹೆಣ್ಣಿನ ಕಡೆಯವರ ಕಣ್ಣೆದುರಿಗೇ ಕರಗಿಸಬೇಕು. ಗಳಿಗೆ ಅವತ್ತೇ ಇತ್ತು.

“ಅಗ್ಗಿಷ್ಟಿಕೆ ಮುಂದೆ ಕೂರ್ಬೌದೇನ್ಲಾ? ಡಾಕ್ಟ್ರು ಏನಾರ ಅಂದಿದ್ರಾ?” ಎಂದು ಅಪ್ಪ ನನ್ನನ್ನು ಕೇಳಿದರು.

ಫೋನ್ ಮಾಡಿ ಡಾಕ್ಟರನ್ನು ವಿಚಾರಿಸಬಹುದಿತ್ತು. ವಿಚಾರಿಸಿದರೆ ಅಪ್ಪನ ಕಸುಬು ಹೇಳಬೇಕಾಗುತ್ತಿತ್ತು.

“ಏನೂ ಆಗಲ್ಲ, ಕೂತ್ಕೊಳ್ಳಪ್ಪ.”

ಓದಿದ ಮಗನ ಮಾತು ನಂಬಿ ಅಪ್ಪ ಕಣ್ಣಿನ ಕಟ್ಟು ಬಿಚ್ಚಿ ಊದುಗೊಳವೆ ಹಿಡಿದರು. ಕೆರೆದ ಜಾಗ ಇನ್ನೂ ಹಸಿಯಾಗಿತ್ತು. ಅದಕ್ಕೆ ಕೆಂಡದ ಕಾವು, ಹೊಗೆ ಎರಡೂ ಬಡಿದು, ಎರಡು ದಿನದಲ್ಲಿ ಕಣ್ಣು ಬಿಡಲಾಗದಷ್ಟು ಊದಿಕೊಂಡಿತು. ಮತ್ತೆ ಮೈಸೂರಿಗೆ ಓಡಿದೆವು.

ಕಾವು ಬಡಿದದ್ದನ್ನು ಕೇಳಿ ತಿಳಿದ ಡಾಕ್ಟರು ನನ್ನನ್ನೇ ನೋಡುತ್ತಾ, “ಮನೆಯಲ್ಲೇ ಇರ್ತಾರೆ ಅಂದ್ರಲ್ರೀ, ಬೆಂಕಿ ಮುಂದೆ ಯಾಕೆ ಕೂತ್ರು?” ಎಂದರು.

“ನಮ್ ಬೆಂಕಿ ಇರೋದೂ ಮನೇಲೇಯ ಸಾ,” ಎಂದರು ಅಪ್ಪ. “ಬ್ಯಾಡ ಕಣಪ್ಪ ಅಂತ ಬಡ್ಕಂಡ ಇವ್ನು. ನಾನೇ ಕೇಳ್ನಿಲ್ಲ.”

ಡಾಕ್ಟರು ನನ್ನನ್ನು ಬಿಟ್ಟು ಅಪ್ಪನಿಗೆ ಬೈದರು. ಅಪ್ಪ ತಲೆ ತಗ್ಗಿಸಿ ಬೈಸಿಕೊಂಡರು. ನಾನು ಚೀಟಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲು ಹೊರಟಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಹೊರಟಿರಲಿಲ್ಲ.

ಕಣ್ಣಿನ ಮೇಲೆ ಕಲೆ ಉಳಿಯಿತು. ಅಪ್ಪ ತಾಳಿ ಮಾಡುವುದನ್ನು ನಿಲ್ಲಿಸಿದರು. ಕೇಳಿಕೊಂಡು ಬಂದವರಿಗೆ, “ವಯಸ್ಸಾಯ್ತು ಕಣಪ್ಪ,” ಎನ್ನುತ್ತಿದ್ದರು. ಅವರಿಗಾಗ ಐವತ್ತೆರಡು. ಆ ಮಾತು ಶುರುವಾದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ.